ಏನೂ ಆಗಲ್ಲ ಬಿಡಿ

ನಮೂನೆಯ ಏಳನೇ ಕಲಮು ಕೇಳುತ್ತದೆ:
ಈ ಖರೀದಿಯಿಂದ ಸಂಸ್ಥೆಗೆ ಆಗುವುದೇನು?
ಯಾಸ್ನಾ ಬರೆದಳು: ಏನೂ ಆಗುವುದಿಲ್ಲ.
ಬರೆದು, ಓದಿ, ನಕ್ಕಳು. ಅಳಿಸಲಿಲ್ಲ.

ಪುಂತಾ ಅರೇನಾಸ್. ಆಸ್ಪತ್ರೆಯ ನೆಲಮಾಳಿಗೆ.
ಬಟ್ಟೆ ಒಗೆಯುವ ಕೋಣೆಗೂ ಶವಾಗಾರಕ್ಕೂ ನಡುವೆ
ನಮ್ಮ ಮೂರು ಕುರ್ಚಿ, ಹನ್ನೊಂದು ಸರ್ವರ್.
ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟು
ಆರು ವರ್ಷದ ಹಿಂದೆ ಕೆಲಸ ಬಿಟ್ಟವನದು,
ಅದಕ್ಕೆ ಅವನ ಬೆಕ್ಕಿನ ಹೆಸರು.
ಓಡಿತೋ ಮಲಗಿತೋ
ಬೆಳಿಗ್ಗೆ ಬಂದು ನೋಡಿದರೆ ಗೊತ್ತು.
ಆಸ್ವಾಲ್ದೊ ಮಾತ್ರ ಕಿವಿಯಿಟ್ಟು
ಫ್ಯಾನಿನ ಉಸಿರಲ್ಲೇ ಹೇಳುತ್ತಾನೆ:
ನಾಲ್ಕನೆಯದಕ್ಕೆ ಗೂರಲು ಶುರುವಾಗಿದೆ.

ವರ್ಷಕ್ಕೆ ನಲವತ್ತೊಂದು ಲಕ್ಷ ಪೆಸೊ.
ಕೇಳುತ್ತಿರುವುದು ಇದು ನಾಲ್ಕನೇ ಸಲ.
ಮೊದಲ ಸಲ ಕಡತ ಕಳೆಯಿತು.
ಆಮೇಲೆ ಮೂರು ಕೊಟೇಶನ್ ಬೇಕೆಂದರು,
ಭೂಮಿಯ ಈ ತುದಿಗೆ ಮಾರುವವರೇ ಇಬ್ಬರು.
ಹೋದ ಸಲ ದೋನ್ ಎಲೆಯುತೇರಿಯೊ
ಕನ್ನಡಕ ತೆಗೆದು, ಒರೆಸಿ, ಮೆತ್ತಗೆ ಅಂದರು
(ಸಭ್ಯ ಮನುಷ್ಯ, ನಮ್ಮೆಲ್ಲರ ಮಕ್ಕಳ ಹೆಸರು ಬಲ್ಲವರು):
'ಇಷ್ಟು ವರ್ಷ ಏನಾಗಿದೆ? ಏನೂ ಆಗಲ್ಲ ಬಿಡಿ.'

ಆಗಿದ್ದುಂಟು. ಜೂನಿನ ಒಂದು ರಾತ್ರಿ
ರಕ್ತನಿಧಿಯ ಪಟ್ಟಿ ನಲವತ್ತು ನಿಮಿಷ ಖಾಲಿ.
ನರ್ಸ್ ಲುದ್ಮಿಲಾ ಅಂಗೈ ಮೇಲೆ ಗುಂಪು ಬರೆದುಕೊಂಡು ಓಡಿದ್ದಳು.
ಬೆಳಗಾಗುವಷ್ಟರಲ್ಲಿ ಸರಿಮಾಡಿದೆವು.
ಸರಿಮಾಡಿದ್ದೇ ನಮ್ಮ ತಪ್ಪು.

ಅದೇ ವಾರ ಸಭಾಕೋಣೆಗೆ ಹೊಸ ಪರದೆ ಬಂತು.
ಪರದೆಯನ್ನು ಮುಟ್ಟಬಹುದು, ಎಳೆಯಬಹುದು.
ನಡೆಯದೇ ಹೋದ ರಾತ್ರಿಯನ್ನು
ಯಾವ ಮೊಳೆಗೆ ತೂಗುಹಾಕುವುದು?

ಈ ಸಲ ಯಾಸ್ನಾ ಅಂಕಿಅಂಶ ಒಯ್ಯಲಿಲ್ಲ.
ಅವರ ಕಿಟಕಿಯ ಹೊರಗೆ ಕೈ ತೋರಿದಳು:
ನವೆಂಬರಿನ ಗಾಳಿ, ಚೌಕದ ಮೂಲೆಗೆ
ನಗರಸಭೆ ಬಿಗಿದ ಹಗ್ಗ,
ಟೋಪಿ ಹಾರಿಸಿಕೊಂಡ ಮುದುಕಿಯೊಬ್ಬಳು
ಅದನ್ನೇ ಹಿಡಿದು ಅಡ್ಡಡ್ಡ ನಡೆಯುತ್ತಿದ್ದಳು.
'ಕಳೆದ ವರ್ಷ ಆ ಹಗ್ಗ ಎಷ್ಟು ದುಡಿಯಿತು?'

ಅವರು ಬಹಳ ಹೊತ್ತು ನೋಡಿದರು.
ಫೋನು ಬಂತು, ಎತ್ತಲಿಲ್ಲ.
ಮುದುಕಿ ದಾಟಿದಳು. ಏನೂ ಆಗಲಿಲ್ಲ.

ಸಂಜೆ ಕಡತ ಮರಳಿತು, ಹಸಿರು ಶಾಯಿಯಲ್ಲಿ:
ಮೂರು ಸರ್ವರಿಗೆ ಮಾತ್ರ ಮಂಜೂರು.

ಮೂರು.
ರಕ್ತನಿಧಿ, ಹೆರಿಗೆ ವಾರ್ಡು: ಚರ್ಚೆಯೇ ಇಲ್ಲ.
ಮೂರನೆಯದಕ್ಕೆ ರಾತ್ರಿ ಹತ್ತರವರೆಗೆ ಜಗಳ.
ಎಕ್ಸ್-ರೇ ಅಂದೆ ನಾನು. ಔಷಧಾಲಯ ಅಂದ ಆಸ್ವಾಲ್ದೊ.
ಸಂಬಳದ್ದು, ಸಂಬಳದ್ದು ಎಂದು ಮೇಲಿನಿಂದ ಯಾರೋ ಫೋನು.
ಯಾಸ್ನಾ ತಣ್ಣಗಾದ ಕಾಫಿ ಕುಡಿದು
ಔಷಧಾಲಯ ಎಂದು ಬರೆದಳು,
ನನ್ನ ಮುಖ ನೋಡಲಿಲ್ಲ.

ಉಳಿದ ಎಂಟಕ್ಕೆ ಬೆಕ್ಕೇ ಗತಿ.

ಹೊರಡುವ ಮುನ್ನ ಆಸ್ವಾಲ್ದೊ
ನಾಲ್ಕನೆಯದಕ್ಕೆ ಕಿವಿಗೊಟ್ಟು ಬಾಗಿದ.
ಅದು ದೋನ್ ಎಲೆಯುತೇರಿಯೊ ಅವರ ಲೆಕ್ಕಪತ್ರದ್ದು.
'ಹೇಗಿದೆ?' ಅಂದೆ.
ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದ.
ಇನ್ನೂ ಕೇಳುತ್ತಿದ್ದ.