ಮೀಟರ್ ಓದೂ ಮಾವ ಸುಗಲಾಗ ಹೇಳಿದ್ದು

ಸುಗಲಾ, ಮನಿ ತಗೊಂಡಿ, ಛಲೋ ಆತು.
ಜಲನಗರದಾಗ, ಮ್ಯಾಲ ಎರಡು ಪೋರ್ಷನ್,
ಮಗ್ಗಲಾಗ ಬೋರು, ಗೇಟಿಗೆ ನೀಲಿ ಬಣ್ಣ.
ಪೇಡೆ ಛಂದ ಅದಾವ, ಇನ್ನೊಂದು ಕೊಡು.
ಈಗ ಮಾವನ ಮಾತು ಕೇಳು.
ಮೂವತ್ತೊಂದು ವರ್ಷ ಈ ಊರಾಗ ಮೀಟರ್ ಓದೀನಿ,
ನಾ ಓದಿದ್ದು ಅಷ್ಟ.

ಮೊದಲ, ಮೀಟರ್ ಬ್ಯಾರೆ ಬ್ಯಾರೆ ಹಾಕಸು.
ಒಂದ ಮೀಟರಿನ ಮನಿ ನಾ ಭಾಳ ಕಂಡೀನಿ:
ಮ್ಯಾಲಿನವರು ಇಸ್ತ್ರಿ ಹಚ್ಚಿದ್ರ
ಕೆಳಗಿನವರ ಹೊಟ್ಟಿ ಉರೀತೈತಿ.

ಬಿಸಲು ಬಲಿಯೂದ್ರೊಳಗ ಮಾಳಗಿಗೆ ಸುಣ್ಣಾ ಹೊಡಸು.
ಹೊಡಸದ ಇದ್ರ ಮ್ಯಾಲಿನ ಖೋಲ್ಯಾಗ
ಹಂಚು ಇಡೂದ ಬ್ಯಾಡ, ರೊಟ್ಟಿ ತಾನ ಬೇಯ್ತೈತಿ.

ಕರಾರು ಹನ್ನೊಂದು ತಿಂಗಳದ್ದು, ಎರಡು ಪ್ರತಿ,
ಒಂದು ನಿನ್ನ ಟ್ರಂಕಿನ್ಯಾಗ, ಒಂದು ಅವರ ಕೈಯಾಗ.
ಡಿಪಾಜಿಟ್ ರೊಕ್ಕ ನಿಂದಲ್ಲ, ತಿಳೀತಾ?
ಅದರಾಗ ಬೆಂಡವಾಲಿ ಮಾಡಿಸಿದಿ ಅಂದ್ರ
ಅವರು ಮನಿ ಖಾಲಿ ಮಾಡೂ ದಿನ
ನಿನ್ನ ಕಿವೀನೂ ಖಾಲಿ.
ಬಾಡಿಗಿ ಫೋನಿನ್ಯಾಗ ಬಂದ್ರೂ ಪಾವತಿ ಬರದು ಕೊಡು.

ಏನ್ ತಿಂತೀರಿ ಅಂತ ಕೇಳಬ್ಯಾಡ.
ಯಾವ ಮಂದಿ ಅಂತ ಕೇಳಬ್ಯಾಡ.
ಎಷ್ಟು ಜನ, ಎಷ್ಟು ಗಾಡಿ, ಗ್ಯಾಸ್ ಎಲ್ಲಿ ಇಡ್ತೀರಿ, ಕೇಳು.
ನಿಮ್ಮವ್ವ ಮಾರಿ ಗಂಟ ಹಾಕ್ತಾಳ, ಹಾಕಲಿ.
ಜಾತಿ ಕೇಳಿ ತಿರಗಿದ ಮೀಟರ್
ನಾ ಒಂದೂ ಕಂಡಿಲ್ಲ.

ಗ್ವಾಡಿಗೆ ಮೊಳಿ ಬಡಿತಾರ, ಬಡೀಲಿ.
ದೇವರ ಫೋಟೋ ಗಾಳ್ಯಾಗ ನಿಲ್ಲೂದಿಲ್ಲ.
ನಳಾ ಬರೂ ದಿನ ಅವರ ಟಾಕೀನೂ ತುಂಬಲಿ.
ಸಿಟ್ಟು ಬಂದಾಗ ವಾಲ್ ಬಂದ್ ಮಾಡೂ ವಿದ್ಯಾ
ಮಾಲಕರಿಗೆಲ್ಲಾ ಬರತೈತಿ. ನೀ ಕಲೀಬ್ಯಾಡ.

ಇಷ್ಟು ಯಾರರ ಹೇಳ್ಯಾರು.
ಇನ್ನೊಂದೈತಿ. ಅದನ್ನ ನಾನ ಹೇಳಬೇಕು.

ಶಹಾಪೇಟಿ ಓಣ್ಯಾಗ ಒಂದು ಹಿತ್ತಲ ಖೋಲಿ.
ಬಂದೇನವಾಜ ಅಂತ, ಕೋಲ್ಡ್ ಸ್ಟೋರೇಜಿನ್ಯಾಗ
ಒಣದ್ರಾಕ್ಷಿ ಪೆಟಿಗಿ ಹೊರಾಂವ. ಹೆಂಡತಿ, ಒಂದು ಕೂಸು.
ತಿಂಗಳಾ ಮೂವತ್ತೆಂಟು, ನಲವತ್ತು ಯೂನಿಟ್.
ಆ ಮೇ ತಿಂಗಳು, ನಾಲ್ಕು.

ನಾಲ್ಕಂದ್ರ, ಸುಗಲಾ, ಫ್ಯಾನ್ ತಿರಗಿಲ್ಲ.
ಬಿಜಾಪುರದ ಮೇ ತಿಂಗಳು, ಫ್ಯಾನ್ ತಿರಗಿಲ್ಲ.
ಬಾಗಿಲಾ ಒಳಗಿಂದ ಹಾಕಿತ್ತು,
ಒಳಗ ಬೀಸಣಿಗಿ ಸಪ್ಪಳ.
ಮೀಟರ್ ಕೆಟ್ಟೈತೇನೋ ಅಂತ
ಬಟ್ಟಿಲೆ ಎರಡು ಸಲ ಬಡದು ನೋಡಿದೆ.
ಮೀಟರ್ ಬಡದೆ. ಬಾಗಿಲಾ ಬಡೀಲಿಲ್ಲ.
ನಾಲ್ಕು ಅಂತ ಬರಕೊಂಡು ಮುಂದಿನ ಮನಿಗೆ ನಡದೆ,
ಅವತ್ತು ಇನ್ನೂ ಅರವತ್ತು ಮನಿ ಉಳದಿದ್ವು.

ಜೂನಿನ್ಯಾಗ ಹೋದ್ರ ಮಾಲಕನ ಬೀಗ.
ಸ್ಟೋರೇಜಿನವರು ಕೆಲಸಾ ಬಿಡಿಸಿ ಎರಡು ತಿಂಗಳಾಗಿತ್ತಂತ.
ಕಟ್ಟಿಮ್ಯಾಲ ಒಂದು ಹೊಲಿಗಿ ಮಷಿನ್,
ಬಾಡಿಗಿ ಬಾಕಿಗೆ ಹಿಡಕೊಂಡಿದ್ದು.
ಎಲ್ಲಿ ಹೋದ್ರ್ಯೋ, ಮಾಲಕಗೂ ಗೊತ್ತಿಲ್ಲ.
ಮಷಿನ್ ಅಲ್ಲೇ ಎರಡು ಮಳಿ ಕಂಡಿತು.
ಆ ಮನ್ಯಾಗ ಯಾರಿಗೂ ಹೊಲಿಯಾಕ ಬರತಿರಲಿಲ್ಲ.

ಅದಕ್ಕ, ಒಂದನೇ ತಾರೀಖು
ನೀನ ಮೆಟ್ಟಲಾ ಹತ್ತು, ಅಂಕಿ ನೋಡು.
ಅಂಕಿ ಭಾಳ ಏರಿದ್ರ, ಗೀಜರ್ ಆರಸ್ರಿ ಅಂತ ಹೇಳು.
ಅಂಕಿ ಏರದ ಇದ್ರ, ಬಾಡಿಗಿ ಮಾತು ಎತ್ತಬ್ಯಾಡ.
ಬಾಗಿಲಾ ಬಡಿ.
ಬೆಲ್ ಒತ್ತಬ್ಯಾಡ ಮತ್ತ,
ಫ್ಯೂಜ್ ತಗದಿದ್ರ ಬೆಲ್ ಆಗೂದಿಲ್ಲ.
ಕೈಲೆ ಬಡಿ.

ಹೂಂ. ನೀಲಿ ಬಣ್ಣ ಒಪ್ಪೈತಿ.
ಗೇಟಿನ ಕೀಲಿಗೆ ಎಣ್ಣಿ ಬಿಡು, ಕಿರಗುಡತೈತಿ.