ಸಿಹಿನೀರು

ಅಟಕಾಮದಲ್ಲಿ ಹಗಲು ಮುಗಿಯುವುದು
ಯಾರೋ ಬಾಗಿಲು ಹಾಕಿಕೊಂಡ ಹಾಗೆ, ಒಮ್ಮೆಗೇ.
ಸೌರಫಲಕಗಳು ಕಣ್ಣು ಮುಚ್ಚಿದ ಮೇಲೆ
ನೂರಾ ಹನ್ನೆರಡು ಬಿಳಿ ಕಂಟೇನರುಗಳು
ಮಧ್ಯಾಹ್ನ ಉಂಡ ಬಿಸಿಲನ್ನು ವಾಪಸು ಕೊಡತೊಡಗುತ್ತವೆ:
ದೂರದ ಸಾಂತಿಯಾಗೊದಲ್ಲಿ ಯಾರದೋ ಒಲೆಗೆ,
ಯಾರದೋ ಲಿಫ್ಟಿಗೆ.

ಸುನಿಲ್ದಾ ಚೋಕೆಗೆ ಈ ವಾರ ರಾತ್ರಿ ಪಾಳಿ.
ಕೈಯಲ್ಲಿ ಟಾರ್ಚು, ಕಿಸೆಯಲ್ಲಿ ಕೋಕಾ ಎಲೆ,
ಕಿವಿ ತುಂಬ ಪಂಪುಗಳ ಒಂದೇ ಶ್ರುತಿ.
ಒಳಗೆ ಬ್ಯಾಟರಿಕೋಶಗಳ ಅಡಿಗೆ ಅಂಟಿಕೊಂಡು
ಬೆರಳು ದಪ್ಪದ ತಟ್ಟೆಗಳಲ್ಲಿ ದ್ರವ ಹರಿಯುತ್ತದೆ.
ಕಾವನ್ನು ಹೊತ್ತು ತಂದು ಫ್ಯಾನಿನ ಬಾಯಿಗೆ ಸುರಿದು
ಮಾತಾಡದೆ ಮತ್ತೆ ಒಳಗೆ ಹೋಗುತ್ತದೆ.
ಚಳಿ ಏರಿದ ರಾತ್ರಿ ಅದೇ ಬಿಸಿಯಾಗಿ
ಕೋಶಗಳಿಗೆ ಕಂಬಳಿ.
ಅಕ್ಕಪಕ್ಕದ ಕೋಶಗಳ ನಡುವೆ
ಮೂರು ಡಿಗ್ರಿಗಿಂತ ಹೆಚ್ಚು ವೈಮನಸ್ಸು ಕೂಡದು,
ಅದು ನಿಯಮ.
(ಅವಳ ಅಣ್ಣಂದಿರಿಗೂ ಯಾರಾದರೂ
ಇಂಥದೊಂದು ಮಾಡಿಕೊಟ್ಟಿದ್ದರೆ!)

ನಲವತ್ತೇಳನೆಯದರ ಒತ್ತಡ ಮೂರು ದಿನದಿಂದ
ಕೂದಲೆಳೆಯಷ್ಟು ಇಳಿಯುತ್ತಿದೆ.
ಸೆನ್ಸರಿನ ದೋಷ, ಎಂದಿತು
ಆಂಟೊಫಗಾಸ್ತದ ಕಚೇರಿ.
ಸುಳ್ಳು ಹೇಳಿ ಸೆನ್ಸರಿಗೇನು ಲಾಭ,
ಎಂದುಕೊಂಡು ಹೊರಟಳು.

ಮೊದಲು ಕಂಡದ್ದು ಎರಡು ಕಣ್ಣು.
ನರಿ. ಎಡಗಿವಿ ಹರಿದ ಹೆಣ್ಣುನರಿ.
ಪೈಪಿನ ಕೊರಳಲ್ಲಿ ಹನಿ,
ಹನಿಯ ಕೆಳಗೆ ಒದ್ದೆಯಾದ ಉಪ್ಪುಮಣ್ಣು,
ನಾಲಿಗೆಗೂ ಮಣ್ಣಿಗೂ ಒಂದು ಮೊಳ ಬಾಕಿ.

ಮಳೆ ಹೇಗಿರುತ್ತದೆಂದು ಅಜ್ಜಿಯನ್ನು ಕೇಳಿದರೆ
ಅವಳು ತನ್ನ ಅಜ್ಜಿಯ ಮಾತು ಹೇಳುತ್ತಿದ್ದ ನೆಲ ಇದು.
ಕಣ್ಣು ಹಾಯುವಷ್ಟು ದೂರ ಒದ್ದೆಯಿರುವುದು ಇದೊಂದೇ,
ಮೇಲಾಗಿ ಗ್ಲೈಕಾಲು, ಬೆಲ್ಲದಷ್ಟು ಸಿಹಿ,
ಮೂತ್ರಪಿಂಡಕ್ಕಿಳಿದರೆ ಗಾಜಿನ ಚೂರು.
ಕುಡಿಯುವ ನೀರಿಗೆ ಸಿಹಿನೀರೆನ್ನುತ್ತೇವೆ
ನಾನು ನನ್ನ ಭಾಷೆಯಲ್ಲಿ, ಅವಳು ಅವಳದರಲ್ಲಿ.
ಎರಡರಲ್ಲೂ ಒಂದೇ ಎಡವಟ್ಟು.
ನರಿಗೆ ಬಿಡಿಸಿ ಹೇಳುವವರು ಯಾರು?

ಹೆಲ್ಮೆಟ್ಟು ಕಿತ್ತು ಎಸೆದಳು.
ನರಿ ಹತ್ತು ಹೆಜ್ಜೆ ಹಾರಿ, ಕೂತು,
ಅವಳನ್ನೇ ನೋಡಿತು, ಸಾಲ ಕೊಟ್ಟವರ ಹಾಗೆ.

ಮಂಡಿಯೂರಿ ಕ್ಲಾಂಪು ಬಿಗಿದಳು, ಒಂದೂವರೆ ಸುತ್ತು.
ಒದ್ದೆ ಮಣ್ಣನ್ನು ಬೊಗಸೆ ಬೊಗಸೆ ಚೀಲಕ್ಕೆ ತುಂಬಿ
ಬಾಯಿ ಕಟ್ಟಿದಳು.
ಆಮೇಲೆ ಫ್ಲಾಸ್ಕಿನಲ್ಲಿ ಉಳಿದದ್ದನ್ನೆಲ್ಲ
ಅಂಗಾತ ಬಿದ್ದಿದ್ದ ಹೆಲ್ಮೆಟ್ಟಿಗೆ ಸುರಿದು
ಹಿಂದೆ ತಿರುಗಿ ನೋಡದೆ ನಡೆದಳು.

ಪುಸ್ತಕದಲ್ಲಿ ಬರೆದದ್ದು ಇಷ್ಟು:
ನಲವತ್ತೇಳು. ಸೋರಿಕೆ, ಸುಮಾರು ಅರ್ಧ ಲೀಟರ್.
ಬಿಗಿಗೊಳಿಸಲಾಗಿದೆ.

ಬೆಳಿಗ್ಗೆ ಹೆಲ್ಮೆಟ್ಟು ಒಣಗಿತ್ತು.
ಕುಡಿದದ್ದು ನರಿಯೋ, ಇಲ್ಲಿಯ ಗಾಳಿಯೋ.
ಅದಕ್ಕೆ ಸೆನ್ಸರಿಲ್ಲ.