ಸಣ್ಣ ದನಿಯ ನಾಕಾ

ಚಿಗರಿ ಬಸ್ಸಿನಾಗ ಹತ್ತಿಸಿಕೊಳ್ಳಲಿಲ್ಲಂತ.
ಟಂಟಂ ಮಾಡಿಕೊಂಡು ಧಾರವಾಡದಿಂದ ಬಂದ್ರು
ಉಷಾತಾಯಿ ತಡಕೋಡ,
ದುರ್ಗದಬೈಲಿನ ಹಿಂದ, ಪಾವಟಿಗಿ ಬುಡಕಿನ ನನ್ನ ಅಂಗಡಿಗೆ.
ಎರಡು ಪೆಟ್ಟಿಗಿ, ಸಾಗವಾನಿ, ಐವತ್ತು ವರ್ಷದ ಮುದುಕ್ರು.
ಚಾದರ ಹೊಚ್ಚಿ ದವಾಖಾನಿಗೆ ತಂದಂಗ ತಂದಿದ್ರು.

"ಎಲ್ಲಾರೂ ಛಲೋ ಅವ ಅಂತಾರ, ದಾವಲಸಾಬ.
ನನಗ ಮಾತ್ರ ಧಾ ಅರ್ಧಾ ಕೇಳಸ್ತದ."

ಮೂವತ್ತು ವರ್ಷ ಹುಡುಗೀರಿಗೆ ತಬಲಾ ಕಲಿಸಿದಾಕಿ.
ನನ್ನ ಮೇಜಿನ ಮ್ಯಾಲಿನ ವಾಯರ್ ತುಂಡು ಸರಿಸಿ
ಎರಡೂ ಕೈ ಇಟ್ಟು ತೋರಿಸಿದ್ರು:
ಬಲಗೈ ಬೆರಳಿಗೆ ನಾ.
ಎಡಗೈಗೆ ಗೆ.
ಎರಡೂ ಒಮ್ಮೆಲೆ ಬಿದ್ರ ಧಾ.
"ನಾ ಎಲ್ಲೋ ದಾರ್ಯಾಗ ಉಳದದ."

ಹಿಂದಿನ ಹಲಗಿಗೆ ಹದಿನಾಲ್ಕು ಸ್ಕ್ರೂ.
ಒಂದರ ತಲಿ ಸವದಿತ್ತು, ಗಿರಮಿಟ್ ಹಾಕಿ ತಗದೆ.
ಒಳಗ ಹತ್ತಿ! ನಗು ಬಂತು ನನಗ.
ನಮ್ಮಪ್ಪ ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ತಿರಗಿ
ಗಾದಿ ಹತ್ತಿ ಹಿಂಜತಿದ್ದ.
ಟ್ವಂಯ್ ಟ್ವಂಯ್ ಅನ್ನೂ ಆ ನರದ ದನಿಗೆ
ಹೆಂಗಸ್ರು ಬಾಗಲಾ ತಗೀತಿದ್ರು.
ಹತ್ತ್ಯಾಗ ಕೈ ಹಾಕೂದು ನನಗ ಯಾರೂ ಕಲಸಬೇಕಾಗಿಲ್ಲ.

ಅದರ ಬುಡಕ ನಾಕಾ.
ಅಂಗೈ ಅಗಲದ ಹಲಗಿ ಮ್ಯಾಲೆ ಒಂದು ತಾಮ್ರದ ಸುರುಳಿ,
ಒಂದು ಕೆಪಾಸಿಟರ್, ಒಂದು ರೆಸಿಸ್ಟರ್. ಇಷ್ಟ.
ಬರೂ ದನಿ ಎಲ್ಲಾ ಇಲ್ಲೇ ನಿಂತು ಹೋಗಬೇಕು:
ದಪ್ಪಂದು ಸುರುಳಿ ಹಾದು ಕೆಳಗಿನ ದೊಡ್ಡ ಕೋನಿಗೆ,
ಸಣ್ಣಂದು ಕೆಪಾಸಿಟರ್ ಹಾದು ಮ್ಯಾಲಿನ ಸಣ್ಣದಕ್ಕ.
ಕೈಯಾಗ ಕೂಡಿದ ಧಾ
ಇಲ್ಲಿ ಬಂದು ಮತ್ತ ಒಡೀತೈತಿ,
ಹೊರಗ ಗಾಳ್ಯಾಗ ಹೋಗಿ ಕೂಡತೈತಿ.

ಸುರುಳಿಗೆ ಮುಪ್ಪಿಲ್ಲ. ತಾಮ್ರ ತಾಮ್ರಾನ.
ಕೆಪಾಸಿಟರ್ ಮಾತ್ರ ಒಣಗತೈತಿ, ಒಳಗಿಂದೊಳಗ,
ಮ್ಯಾಲೆ ನೋಡಿದ್ರ ಏನೂ ಗೊತ್ತಾಗೂದಿಲ್ಲ.
ಮೈ ಮ್ಯಾಲೆ ನಾಕು ಪಾಯಿಂಟ್ ಏಳು ಅಂತ ಬರದಿತ್ತು;
ಮೀಟರ್ ಹಚ್ಚಿದ್ರ ಎರಡೂ ದಾಟವಲ್ಲದು.
ಹೊಸಾದು ಫಿಲ್ಮಿಂದು, ನಾಕು ಪಟ್ಟು ಧಡೂತಿ,
ಹಳೇ ಜಾಗಾದಾಗ ಕೂಡವಲ್ಲದು.
ಮಗ್ಗಲಕ್ಕ ಮಲಗಿಸಿ, ಗೋಣಿ ಹೊಲಿಯೂ ದಾರಾ ಸುತ್ತಿ ಕಟ್ಟಿದೆ.
ಎರಡನೇ ಪೆಟ್ಟಿಗಿಂದು ಇನ್ನಾ ಛಲೋನ ಇತ್ತು. ಅದಕ್ಕೂ ಹೊಸಾದು.
ಜೋಡಿ ಅಂದಮ್ಯಾಗ ಒಂದಕ್ಕ ಹೊಸಾದು, ಒಂದಕ್ಕ ಹಳೇದು
ಇಟ್ಟು ಬಾಳೇ ಮಾಡಸಾಕ ಬರೂದಿಲ್ಲ.

ಇಲ್ಲೀತನಾ ನನ್ನ ಕೆಲಸ.
ಮುಂದಿಂದು ಚಹಾದಂಗಡಿ ನೀಲವ್ವನ ಮಗಳು ಅಂಬಿಕಾಂದು.
ಏಳನೇತ್ತಾ. ಸಾಲಿ ಬಿಟ್ಟಿಂದ ಬರ್ತಾಳ.

ನನ್ನ ಕಿವಿ ಹೋಗಿ ಆರೇಳು ವರ್ಷಾತು.
ಪೂರಾ ಅಲ್ಲ. ಮ್ಯಾಲಿಂದು ಅಷ್ಟ.
ಜೀರುಂಡಿ, ಕೀಲಿಕೈ ಗೊಂಚಲು, ಮನಿಯಾಕಿ ಬಳಿ.
ಗಿರಾಕಿಗೆ ಹೇಳಿಲ್ಲ. ಹೇಳಿದ್ರ ಯಾರು ಬರ್ತಾರ?

ತಬಲಾ ಹಚ್ಚಿ ಹುಡುಗಿ ಕಣ್ಣು ನೋಡ್ಕೊಂತ ಕುಂತೆ.
ಸಣ್ಣ ದನಿ ಬಂದಾಗ ಆಕಿ ರೆಪ್ಪಿ ಒಮ್ಮೆ ಹಿಂಗ ಅಂತೈತಿ.
"ಬಂತೇನವಾ?"
"ಬಂತ್ ಕಾಕಾ. ಚುಚ್ಚಾಕತ್ತೈತಿ."
ಚುಚ್ಚಬಾರದು. ರೆಸಿಸ್ಟರ್ ಒಂದು ಓಮ್ ಏರಿಸಿದೆ.
"ಈಗ?"
"ಈಗ ತಬಲಾದ ಚರ್ಮಾ ಕಾಣಾಕತ್ತೈತಿ."

ಉಷಾತಾಯಿ ಪೆಟ್ಟಿಗಿ ನೋಡಾಕತ್ತಿರಲಿಲ್ಲ,
ನನ್ನ ನೋಡಾಕತ್ತಿದ್ರು.
ನನ್ನ ಮೊಣಕೈ ಹತ್ರ, ಮೇಜಿನ ಅಂಚಿಗೆ,
ಉಗುರ ತುದೀಲೆ ಏನೋ ಬಾರಿಸಿದ್ರು.
ನಾನು ಜರಾ ತಡಾ ಮಾಡಿ ಗೋಣು ಹಾಕಿದೆ.
ಆಮ್ಯಾಲೆ ಎಡಗೈ ಇಳಿಸಿದ್ರು. ಗೆ.
ಮೇಜು ನಡಗಿ ಎದಿಗೆ ಬಂತು.
"ಇದು ಬಂತಲ್ಲ," ಅಂದ್ರು.

ಹದಿನೆಂಟು ನೂರಾ ಹೇಳಿದ್ದೆ.
ಹಟಾ ಹಿಡದು ಹದಿನಾರಕ್ಕ ಇಳಿಸಿ,
ಎರಡು ನೂರಾ ಅಂಬಿಕಾನ ಕೈಯಾಗ ಇಟ್ರು.

ಟಂಟಂ ಹೋತು. ಹುಡುಗಿ ಚಹಾ ತಂದ್ಲು,
ಬಸಿ ಮ್ಯಾಲೆ ಕಪ್ಪಿಟ್ಲು.
ಟಿಣ್ ಅಂದಿರಬೇಕು.